ಬೇ

ಸೂಪರ್ ಮಾರ್ಕೆಟ್ ಹಿಂದ, ಬ್ಯಾಟರಿ ಅಂಗಡಿಗಿ ಹತ್ತಿ
ನಂದೊಂದು ಫ್ಲೆಕ್ಸ್ ಅಂಗಡಿ.
ತೊಟ್ಟಿಲು, ನಿಶ್ಚಿತಾರ್ಥ, ಶ್ರದ್ಧಾಂಜಲಿ,
ಪಿಎಸ್ಐ ಸಾಹೇಬರ ವರ್ಗಾವಣಿ,
ಎಲ್ಲಾದಕ್ಕೂ ಚದರಡಿಗಿ ಹನ್ನೆರಡು ರೂಪಾಯಿ.
ಈ ತಿಂಗಳು ಮಾತ್ರ ಊರಿಗೆಲ್ಲಾ ಒಂದೇ ಪ್ರಶ್ನಿ:
ನಮ್ಮ ಕಡಿಗಿ ನಮ್ಮದೇ ಒಂದು ಶಾಸನಸಭಾ
ಬೇಕೋ, ಬ್ಯಾಡೋ.

ಮೊದಲು ಬಂದವರು ಅಣವೀರಪ್ಪ ವಕೀಲರು.
ಕರಿಕೋಟಿನ ತೋಳಿಗಿ ಸುಣ್ಣ ಹತ್ತಿತ್ತು.
'ನಮ್ಮ ಫೈಲು ರಾತ್ರೆಲ್ಲಾ ರೈಲಿನಾಗ ಕುಂತು ಬೆಂಗಳೂರಿಗಿ ಹೋಗಿ
ಅಲ್ಲೇ ಮುದುಕ ಆಗ್ತದ.
ಇಲ್ಲೇ ಸಭಾ ಇದ್ರ
ಬೈಲಿಕ್ಕಾದ್ರೂ ಆಟೋದಾಗ ಹೋಗಬಹುದು.'
ನಗು ಬಂತು. ಖರೇನೂ ಅನಿಸ್ತು.
ಹಳದಿ ಹಾಸಿ, ಕೆಂಪಿಲೆ ಬರದೆ:
ಬೇಕು.

ಮೂರು ದಿನಕ್ಕ ಮೋಯಿಜ್ ಮಾಸ್ತರು, ಸೈಕಲ್ ಮ್ಯಾಲ.
ನನಗ ಭಿನ್ನರಾಶಿ ಕಲಿಸಿದವರು.
'ಒಂದು ರೊಟ್ಟಿ ನಾಕು ತುಂಡು ಮಾಡಿದ್ರ
ನಾಕು ರೊಟ್ಟಿ ಆಗಂಗಿಲ್ಲಪ್ಪ.
ಮುರಿಯವನ ಕೈಯಾಗ ಚೂರು ಉಳಿತದ.
ಇನ್ನೊಂದು ಸಭಾ ಅಂದ್ರ ಇನ್ನೊಂದು ನೂರು ಕುರ್ಚಿ,
ಕುಂಡ್ರವರು ಇವರೇ.'
ಅದೂ ಖರೇ ಅನಿಸ್ತು.
'ಬ್ಯಾಡ ಅಂತ ಹಾಕಬ್ಯಾಡ,' ಅಂದ್ರು ಹೋಗುವಾಗ,
'ಬೇಡ ಅಂತ ಹಾಕು. ಬರವಣಗಿ ಶುದ್ಧ ಇರಲಿ.'
ಹೊಸಾದು ಮಾಡ್ಲಿಕ್ಕ ಯಾಳ್ಯಾ ಇರಲಿಲ್ಲ.
ಹಳೇದೇ ತಗದೆ. ಹಳದಿ ಹೋಗಿ ನೀಲಿ ಆಯ್ತು.
ಕು ಅಳಿಸಿದೆ, ಡ ಒತ್ತಿದೆ.
ಬೇ ಹಂಗೇ ಇತ್ತು.
ಫೋಟೋನೂ.

ಫೋಟೋ ಅಂದ್ರ ಯಾವುದೋ ಮುದುಕಿ.
ಶಹಾಬಜಾರ್ ನಾಕಾದಾಗ ರೊಟ್ಟಿ ತಗೊಳುವಾಗ
ಫೋನಿನ್ಯಾಗ ಹೊಡಕೊಂಡಿದ್ದು.
ನತ್ತು ಇಲ್ಲದ ಮೂಗಿನ ತೂತು,
ಬಿಗಿ ಮುಚ್ಚಿದ ತುಟಿ.
ಹಳದಿಯೊಳಗ ಆಕಿ ನಾಳೆ ನೋಡ್ಲಾಕತ್ತಂಗ ಇದ್ದಳು,
ನೀಲಿಯೊಳಗ ಮೋಸ ಹಿಡದಂಗ.
ಬಿಸಲು ಕಣ್ಣಿಗಿ ಬಡದಿತ್ತು, ಅಷ್ಟೇ.

ಜಗತ್ ಸರ್ಕಲಿನಾಗ ಎರಡೂ ಎದುರುಬದುರು ನಿಂತವು.
ಆಕಿ ಆಕಿಗೇ ನೋಡತಿದ್ದಳು, ನಡುವ ಟಂಟಂ ಹಾಯತಿದ್ದವು.
ವಕೀಲರ ಫೋನು: 'ನಮ್ಮ ಮುದುಕಿ ಕದ್ದಾರಲೋ!'
ಮಾಸ್ತರ ಫೋನು: 'ಆಕಿ ಮೊದಲಿಂದ ನಮ್ಮಾಕಿ.'
ರಾತ್ರಿ ಬ್ಲೇಡು ಬಂದವು.
ಬೇಡದವರು ಬೇಕು ಹರದ್ರು,
ಬೇಕಾದವರು ಬೇಡ ಹರದ್ರು.
ಎರಡೂ ಕಡಿ ಹರದಿದ್ದು ಒಂದೇ ಮಾರಿ.

ಸ್ವಾಮಾರ ಆಕಿನೇ ಬಂದಳು.
ರೊಟ್ಟಿ ಬುಟ್ಟಿ ಮ್ಯಾಲ ಧೂಳಿಗಿ ಅಡ್ಡ
ಹರಕ ಫ್ಲೆಕ್ಸ್ ಮುಚ್ಚಿದ್ದಳು.
ನಾ ಗಲ್ಲಾದಾಗ ಕೈ ಹಾಕಿದೆ.
'ರೊಕ್ಕ ಇರಲಿ. ಎರಡೂ ಕಡಿ ನನ್ನ ಮಾರಿ ಹಾಕಿ.
ಎರಡೂ ಕಡಿ ಬಾಯಿ ಮುಚ್ಚೇ ಅದಲ್ಲ?'

ಗುರುಬಾಯಿ ಅಂತ ಹೆಸರು. ಅವತ್ತೇ ತಿಳೀತು.

'ಆ ಸಭಾದಾಗ ನಳದ ಮಾತು ಆಡ್ತಾರೇನು?
ಎಂಟು ದಿನಕ್ಕೊಮ್ಮಿ ಬರತದ ನೀರು, ಅದೂ ನಡರಾತ್ರಿ.'
ಆಡಬಹುದು ಅಂದೆ.
'ಹಂಗಾರ ಬೇಕು.'
ಕುಂತಳು. ಎಲಿ ಅಡಿಕಿ ತಗದಳು.
'ಅಲ್ಲಿ ಕುಂಡ್ರವ ನಮ್ಮ ಓಣಿ ಗುತ್ತೇದಾರನೇ ಏನು,
ಪೈಪು ನುಂಗಿದಾಂವ?'
ಆಗಬಹುದು ಅಂದೆ.
'ಹಂಗಾರ...'
ಎಲಿ ಮಡಚಿ ಬಾಯಾಗ ಇಟ್ಟು
ಭಾಳ ಹೊತ್ತು ಸುಮ್ಮ ಅಗದಳು.

'ಹೊಸಾದು ಮಾಡು. ನಂದು. ಬಾಯಿ ತಗದಿದ್ದು.'
ಆಕಿ ಗುತ್ತೇದಾರಗ ಬೈತಿರುವಾಗಲೇ ಹೊಡದೆ.
'ಅಲಗೇದ, ಇನ್ನೊಂದು ತಗೀತೀನಿ.'
'ಇರಲಿ. ಮಾತಾಡಿದ್ರ ಅಲಗತದ.'

ಹಿಂದ ಬಣ್ಣ ಹಾಕಲಿಲ್ಲ. ಮಾರಿ ಕೆಳಗ ಹೆಸರು,
ಹೆಸರಿನ ಕೆಳಗ ರೂಢಿಲೆ ಬೆರಳು ಓಡಿ
ಬೇ ಅಂತ ಒತ್ತಿ ನಿಂತೆ.
ಕರ್ಸರ್ ಮಿಣಮಿಣ ಅಂತಿತ್ತು.
'ಮುಂದೇನು ಹಾಕ್ಲಿ, ಬೇ?'

ಆಕಿಗಿ ಓದು ಬರಂಗಿಲ್ಲ. 'ಈಗ ಏನಂತದ ಅದು?'
'ಬೇ ಅಂತದ.'
'ನನಗೇ ಕರದಂಗ ಅದಲ್ಲೋ.'
ನಕ್ಕಳು, ಕೆಂಪು ಹಲ್ಲು.
'ಇಷ್ಟಕ್ಕೇ ಬಿಡು. ಮುಂದಿಂದು
ಐತವಾರ ನಾನೇ ಹೋಗಿ ಒತ್ತತೀನಿ.'

ಎರಡು ರೊಟ್ಟಿ ಟೇಬಲ್ ಮ್ಯಾಲ ಇಟ್ಟು
ಬುಟ್ಟಿ ಹೊತ್ತು ಹೊಂಟಳು.
ರೊಟ್ಟಿ ಮ್ಯಾಲ ಆಕಿದೇ ಮಾರಿ,
ಅರ್ಧ ಹಳದಿ.