ಟೈರಿನ ಬಾನಿ

ಕಟಕಟ ಸದ್ದಿಗೆ ಎಚ್ಚರವಾಯಿತು.
ಕತ್ತೆಕಿರುಬವೇ ಇರಬೇಕೆಂದು
ಟಾರ್ಚು ಹಿಡಿದು ಮುಳ್ಳುಬೇಲಿಯ ತನಕ ಹೋದೆ.
ಖುನ್ವಾನಾ. ನಮ್ಮ ಕೆಂದ ಹಸು.
ಬಾಯಲ್ಲಿ ಅಡ್ಡಕ್ಕೊಂದು ತೊಡೆಯೆಲುಬು,
ಮುದುಕನೊಬ್ಬ ಚುಟ್ಟ ಕಚ್ಚಿಕೊಂಡ ಹಾಗೆ.

ಬೆಳಕು ಬಿದ್ದರೂ ನಾಚಲಿಲ್ಲ.
ಈ ದವಡೆಯಿಂದ ಆ ದವಡೆಗೆ ಹೊರಳಿಸುತ್ತ
ಸಿಹಿಜೋಳದ ದಂಟು ಸೀಪುವ ಹುಡುಗರಂತೆ
ಅರೆಗಣ್ಣು ಮುಚ್ಚಿ
ತನ್ನಷ್ಟಕ್ಕೆ.

ಹುಕುಂತ್ಸಿಯಿಂದ ಪಡುವಣಕ್ಕೆ ನಮ್ಮ ದನದ ಹಟ್ಟಿ.
ಒಂದು ಬೋರ್‌ವೆಲ್ಲು, ಕೆಮ್ಮುವ ಡೀಸೆಲ್ ಎಂಜಿನ್ನು, ಎರಡು ಗುಡಿಸಲು,
ಮಿಕ್ಕಿದ್ದೆಲ್ಲ ಕಲಹಾರಿಯ ಮರಳು.
ಆ ವರ್ಷ ಮಳೆ ಚೆನ್ನಾಗಿಯೇ ಹೊಯ್ದಿತ್ತು, ಸುಳ್ಳು ಹೇಳಬಾರದು.
ಹುಲ್ಲು ಮೊಣಕಾಲು ಮುಟ್ಟುತ್ತಿತ್ತು.
ಅಷ್ಟು ಹಸಿರಿನ ನಡುವೆ ನಿಂತ ಹಸುವಿಗೆ
ಎಂಥ ಹಸಿವು?

ಬೆಳಗ್ಗೆ ನೋಡಿದರೆ ಆಮೆಯ ಚಿಪ್ಪು ಕಡಿಯುತ್ತಿದೆ.
ಮರುದಿನ ಮಾವನ ಹಳೇ ಬೂಟಿನ ಅಟ್ಟೆ.
ನೆರೆಹಟ್ಟಿಯ ಮೊಸಾಲಖಾಯೆ ಬಂದ, ನೋಡಿದ, ಉಗುಳಿದ.
"ಹುಲ್ಲು ತಿನ್ನೋ ಬಾಯಿ ಎಲುಬಿಗೆ ಹೋದರೆ ಅದು ಮಾಟ.
ಯಾರ ಹತ್ತಿರ ಜಗಳ ಆಡಿದ್ದೀರಿ, ಯೋಚನೆ ಮಾಡಿ."
ಕೆಬೊನಂಗ್ ಮಾವ ಯೋಚನೆ ಮಾಡಿದ.
ಜಗಳಗಳಿಗೇನು ಬರವೇ?

ನಾನು ಬಾಯಿ ಬಿಡಲಿಲ್ಲ.
ಮಗ ಹೊಟ್ಟೆಯಲ್ಲಿದ್ದಾಗ, ಐದನೇ ತಿಂಗಳು,
ಹುತ್ತದ ಮಣ್ಣು ತಿಂದವಳು ನಾನು.
ಕೋಟಿನ ಜೇಬಿನಲ್ಲಿಟ್ಟುಕೊಂಡು
ಬಸ್ಸಿನಲ್ಲಿ, ಇಗರ್ಜಿಯ ಬೆಂಚಿನಲ್ಲಿ,
ಚಿಟಿಕೆ ಚಿಟಿಕೆಯಾಗಿ, ಯಾರಿಗೂ ಕಾಣದಂತೆ.
ನರ್ಸು ಕೆಳರೆಪ್ಪೆ ಎಳೆದು ನೋಡಿ
ರಕ್ತವೇ ಇಲ್ಲವಲ್ಲೇ ಎಂದು ಬೈದು
ಕಬ್ಬಿಣದ ಮಾತ್ರೆ ಕೊಟ್ಟಳು.
ನನ್ನದನ್ನು ಯಾರೂ ಮಾಟ ಎನ್ನಲಿಲ್ಲ.
ಬಸುರಿ, ಬಯಕೆ ಅಂದರು, ನಕ್ಕರು.

ಒಂಬತ್ತನೇ ದಿನ ಹಿಂಗಾಲು ಸೋತಿತು.
ಹೊಟ್ಟೆಯಡಿ ಹಗ್ಗ ಹಾಕಿ ಎತ್ತಿದೆವು, ಕುಸಿಯಿತು.
ನಾಲಗೆ ಜೋತುಬಿದ್ದು ಮರಳು ಮೆತ್ತಿತ್ತು;
ತೊಳೆದು ಒಳಕ್ಕಿಟ್ಟರೆ ಮತ್ತೆ ಜಾರುತ್ತಿತ್ತು.
ಕಣ್ಣು ಮಾತ್ರ ತಿಳಿ.
ಎಲ್ಲ ಗೊತ್ತಾಗುತ್ತಿದೆ ಎನ್ನುವಷ್ಟು ತಿಳಿ.
ದನವೆಂದರೆ ಒದ್ದೆ ಮೂಗಿನ ದೇವರು, ನಮ್ಮ ಹಿರಿಯರ ಮಾತು.
ಆ ಮೂಗು ಒಣಗುವವರೆಗೆ ಪಕ್ಕದಲ್ಲಿ ಕೂತಿದ್ದೆವು.
ಕರು ಎರಡು ಸಲ ಕೆಚ್ಚಲಿಗೆ ಬಂತು.

ಪಶುವೈದ್ಯೆ ಖಲಲೆಲೊ ಬಂದದ್ದು ಮಂಗಳವಾರ, ಎರಡು ದಿನ ತಡವಾಗಿ.
ಹಿಡಿ ಮರಳು ತೆಗೆದು ಬೆರಳ ಸಂದಿಯಿಂದ ಸುರಿದಳು:
ಇದರಲ್ಲಿ ರಂಜಕವಿಲ್ಲ.
ಇದರಲ್ಲಿಲ್ಲದ್ದು ಹುಲ್ಲಿಗೆ ಎಲ್ಲಿಂದ ಬರಬೇಕು?
ಹಾಲಿಗೆ ಹೋದದ್ದೆಲ್ಲ ಅವಳ ಮೈಯೆಲುಬಿನದು.
ಅದು ಸವೆದಾಗ ಬೇರೆಯವರದನ್ನು ಹುಡುಕಿ ಹೊರಟಳು.
ಕೊಳೆತ ಎಲುಬಿನೊಳಗೆ ವಿಷ ಕಾದಿರುತ್ತದೆ, ಅಷ್ಟೇ.

ಆ ರಾತ್ರಿ ಬೆಂಕಿಯ ಮುಂದೆ ಮಾವ
ನಾಲ್ಕು ದಿನದಲ್ಲಿ ಮೊದಲ ಬಾರಿ ಮಾತಾಡಿದ:
"ನನ್ನಜ್ಜಿ ಎಲುಬು ಸುಡುತ್ತಿದ್ದಳು.
ಬೂದಿಗೆ ಉಪ್ಪು ಬೆರೆಸಿ ದನದ ಮುಂದಿಡುತ್ತಿದ್ದಳು.
ಯಾಕೆಂದು ನಾವು ಕೇಳಲೇ ಇಲ್ಲ.
ನಾತಕ್ಕೆ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು."

ಈಗ ಎಲುಬು ಹೆಕ್ಕುವ ಕೆಲಸ ನನ್ನದು.
ಕೈಗಾಡಿ ತಳ್ಳಿಕೊಂಡು ಬೇಲಿಯಾಚೆ ಹೋಗುತ್ತೇನೆ,
ಪಕ್ಕೆಲುಬು, ಬೆನ್ನಮಣಿ, ಒಮ್ಮೆ ನರಿಯ ತಲೆಬುರುಡೆ.
ಖುನ್ವಾನಾಳನ್ನು ಇಡಿಯಾಗಿ ಸುಟ್ಟೆವು,
ಜಾಲಿಯ ಕೊರಡು ಎರಡು ದಿನ ಉರಿದವು.
ಔಷಧಿ ಚೀಲದ ಬೆಲೆಗೆ ಒಂದು ಮೇಕೆ ಹೋಯಿತು;
ಚೀಲ ಸಾಲದಾದಾಗ ಬೂದಿ.

ಲಾರಿಯ ಟೈರು ಸೀಳಿ ಮಾವ ಬಾನಿ ಮಾಡಿದ್ದಾನೆ.
ಮೊದಲು ಬಂದದ್ದು ತಾಯಿಯಿಲ್ಲದ ಕರು.
ಮೂಸಿತು, ಸೀನಿತು, ಬೂದಿ ಹಾರಿ ನನ್ನ ಮುಖಕ್ಕೆ ಬಿತ್ತು,
ಆಮೇಲೆ ತಲೆ ತಗ್ಗಿಸಿ ನೆಕ್ಕತೊಡಗಿತು, ಗರಗರ,
ಟೈರಿನ ಅಂಚನ್ನೂ ಬಿಡದೆ.
ಬೆರಳಿಗಂಟಿದ್ದನ್ನು ನಾನೂ ಒಮ್ಮೆ ನೆಕ್ಕಿ ನೋಡಿದೆ.
ಉಪ್ಪು. ಹೊಗೆ.
ಇನ್ನೊಂದು ಚೂರು ತೆಗೆದುಕೊಂಡೆ.