ಮೂರು ಬೆರಳು ಬಟ್ಟಿ

ರಾಣಿ ಕುಪ್ಪಸ ನಂದ ಹೊಲಿಗಿ.
ಬೆಟಗೇರಿ ಜರದ ಖಣ, ತಗಡಿನ ಗುಂಡಿ ಹನ್ನೊಂದು,
ಕಂಕುಳದಾಗ ಮಾತ್ರ, ಯಾರಿಗೂ ಕಾಣದಂಗ,
ಮೂರು ಬೆರಳು ಬಟ್ಟಿ ಮಡಚಿಟ್ಟೀನಿ.
ರಾಣ್ಯಾರು ಬದಲಾಗತಾರ, ಕುಪ್ಪಸ ಒಂದ.

ಈ ಸಲ ಸೂಡಿ ಕಾಶವ್ವ.
ಬಣ್ಣ ಹಚ್ಚಿಕೊಂಡು ಹುಬ್ಬು ತೀಡಿಕೊಂಡ್ಲಂದ್ರ
ಗದಗಿನ ಅರ್ಧ ಪ್ಯಾಟಿ ಮುಂದಿನ ಸಾಲಿನಾಗ.
"ಹಜರೇಸಾಬ, ಸ್ವಲ್ಪ ಬಿಚ್ಚರಿ" ಅಂದ್ಲು.
ಒಂದು ಬೆರಳು ಬಿಚ್ಚಿದೆ. ದೀಪಾವಳಿಗೆ ಎರಡು.
ಸಂಕ್ರಾಂತಿಗೆ ಮೂರನೇದು.
ನಾ ಏನೂ ಕೇಳಲಿಲ್ಲ,
ಟೇಪು ಎಲ್ಲಾ ಹೇಳತೈತಿ.

ಕಡೀ ಪ್ರವೇಶ, ರಣರಂಗ.
ಮೋಸಗಾರ ಮಂತ್ರಿ ಬೆನ್ನಿಗೆ ಕಠಾರಿ ಚುಚ್ಚಬೇಕು,
ರಾಣಿ ಬೋರಲ ಬೀಳಬೇಕು, ಪರದೆ.
ಚುಚ್ಚಿದ.
ಆಕಿ ಬೀಳಲಿಲ್ಲ.
ಎಡಗೈ ಹೊಟ್ಟಿ ಮ್ಯಾಲ, ಬಲಗೈಯಾಗ ತಗಡಿನ ಕತ್ತಿ,
ನಿಂತ್ಲು.
ಇನ್ನೊಮ್ಮೆ ಚುಚ್ಚಿದ. ಪೇಟಿ ಮಾಸ್ತರ ಸ್ವರ ಹುಡುಕಾಡಿದ.
ಪರದೆ ಸಂದ್ಯಾಗ ಮಾಲಕರು ಹಲ್ಲು ಕಡದ್ರು,
"ಸಾಯಿ! ಬಡಾನ ಸಾಯಿ!"
ಪುಸ್ತಕದಾಗ ಇಲ್ಲದ ಮಾತು ಆಡಿದ್ಲು ಕಾಶವ್ವ:
"ಇವತ್ತ ಆಗೂದಿಲ್ರಿ, ಮಂತ್ರಿಗಳ."

ತಗಡಿನ ಛಾವಣಿ ಹಾರೂವಷ್ಟು ಸೀಟಿ.
ನಾ ಕಿವಿಗೊಟ್ಟಿದ್ದು ಬ್ಯಾರೇದಕ್ಕ:
ಕಂಕುಳದ ದಾರ
ಟಕ್ ಅನ್ನಲಿಲ್ಲ.