ನಾಲ್ಕು ದಾರಿಯ ವಾಲ್ವ್

ಕೊಚ್ಚಿಯಿಂದ ತಪ್ಪಿ ಬಂದ ಪೆಟ್ಟಿಗೆಯಲ್ಲಿತ್ತು:
ತಾಮ್ರದ ಗಿಡ್ಡ ಮೈ,
ಒಂದು ಬದಿಗೆ ಮೂರು ಕೊಳವೆ, ಆಚೆ ಬದಿಗೆ ಒಂಟಿ.
"ಎಂತದಿದು ಪೊರ್ಬುಲೇ?" ಅಂದ ಸವಾದ್,
ಪೀಪಿ ಅಂದುಕೊಂಡು ಊದಿಯೂ ನೋಡಿದ.

ಹಿಮ ಬೀಳುವ ಊರಿನ ಮೆಷಿನಿನದು ಮಾರಾಯ,
ಗ್ಯಾಸಿನ ದಾರಿ ತಿರುಗಿಸುವ ವಾಲ್ವ್.
ನಮ್ಮ ಏಸಿ ಕೋಣೆಯ ಸೆಕೆ ಹೊತ್ತು ಹೊರಗೆ ಚೆಲ್ಲುತ್ತದಲ್ಲ,
ಅಲ್ಲಿಯದು ತಿರುಗಿ ನಿಂತು
ಹೊರಗಿನ ಚಳಿಯಿಂದಲೇ ಸೆಕೆ ಹೆಕ್ಕಿ ಒಳಗೆ ತರುತ್ತದೆ.
"ಚಳಿಯೊಳಗೆ ಸೆಕೆ ಎಲ್ಲಿಂದ?"
ಉಂಟು. ಬಸಳೆ ಚಪ್ಪರ ಖಾಲಿ ಅಂದ ಮೇಲೂ
ಅಮ್ಮನ ಕೈಗೆ ನಾಲ್ಕು ಎಲೆ ಸಿಗುತ್ತದಲ್ಲ, ಹಾಗೆ.
ಅವನು ನಂಬಲಿಲ್ಲ.
ನಾನೂ ಕದ್ರಿಯ ಐಟಿಐಯಲ್ಲಿ ಓದಿದ್ದಷ್ಟೆ, ಕಂಡದ್ದಲ್ಲ.

ಏಪ್ರಿಲಿನಲ್ಲಿ ಗೋಡೆಯೂ ಬೆವರುವ ಊರು,
ಇಲ್ಲಿ ಅದಕ್ಕೇನು ಕೆಲಸ?
ವಾಪಸು ಕಳಿಸಲು ಕೊರಿಯರಿಗೆ ಇನ್ನೂರ ಎಂಬತ್ತು.
ಬ್ಯಾಗಿನ ತಳದಲ್ಲೇ ಬಿದ್ದುಕೊಂಡಿತು,
ಸ್ಪ್ಯಾನರುಗಳ ನಡುವೆ ಪರದೇಶಿ.

ಜುಲಾಯಿ. ಸ್ವಿಚ್ ಬೋರ್ಡಿಗೂ ಬೂಸ್ಟು ಹಿಡಿಯುವ ಕಾಲ.
ಹಂಪನಕಟ್ಟೆಯ ಸೀರೆಯಂಗಡಿಯ ಟೆರೇಸು,
ತಗಡಿನ ಮಾಡಿನಡಿ
ಆರು ಔಟ್‌ಡೋರ್ ಸಾಲಾಗಿ ಉಸಿರು ಬಿಡುತ್ತಿದ್ದವು.
ಗೇಜಿನ ಮುಳ್ಳು ನಡುಗುತ್ತಿದೆ ಅಂದುಕೊಂಡೆ,
ನಡುಗುತ್ತಿದ್ದದ್ದು ಸವಾದನ ಕೈ.
ಹಲ್ಲು ಕಟಕಟ. ಉಗುರು ನೀಲಿ.
ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ,
ಮಲೇರಿಯಾ.

ರಿಕ್ಷಾದವ "ಈಗ ಬಂದೆ" ಅಂದು ಕಾಲು ಗಂಟೆ.
ಹೊದೆಸಲು ಒಂದು ಗೋಣಿ, ಅದೂ ಒದ್ದೆ.
ಎತ್ತಿ ಕೂರಿಸಿದೆ ಮೂರನೆಯ ಫ್ಯಾನಿನ ಎದುರು.
ಕೆಳಗೆ ಮದುವೆ ಸೀರೆ ಆರಿಸುವ ಹೆಂಗಸರು,
ಅವರ ಕತ್ತಿನ, ಕಂಕುಳಿನ, ಚೌಕಾಸಿಯ ಸೆಕೆಯೆಲ್ಲ
ಎರಡು ಮಾಳಿಗೆ ಕೊಳವೆ ಹತ್ತಿ ಬಂದು
ಹುಡುಗನ ಬೆನ್ನು ನೇವರಿಸಿತು.
"ಬಿಸಿ" ಅಂದ, ಕಣ್ಣು ಮುಚ್ಚಿಯೇ.
ತುಸು ಹೊತ್ತು ಬಿಟ್ಟು, "ಇನ್ನೂ ಸ್ವಲ್ಪ."

ಓಡಿ ಕೆಳಗಿಳಿದು
ರಿಮೋಟು ಹದಿನಾರಕ್ಕೆ ಒತ್ತಿದೆ.
ಕಡುಗೆಂಪು ಸೀರೆಯೊಂದನ್ನು ಹಾಗೇ ಮೈಗೆಳೆದುಕೊಂಡು
ಅಂದರು ಒಬ್ಬರು, "ಎಂತ ಮಾರಾಯ್ರೆ, ಚಳಿ ಆಗ್ತದೆ!"

ಐದು ನಿಮಿಷ ಅಮ್ಮ. ಚೆಕ್ಕಿಂಗ್.